ಪರದೆಯ ಆಚೆ ಅಂಕಿ ಓದಿದ ದನಿ

ಇದನ್ನು ಕೇಳಿದವರೆಲ್ಲ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನಗುತ್ತಾರೆ. ನಗಲಿ. ಹಾಲಿನವನು ಹಾಲು ಅಳೆಯುವಾಗಲೂ ನೀರೆಷ್ಟು ಎಂದು ಇಣುಕುವ ಅನುಮಾನದ ಪ್ರಾಣಿ ನಾನು. ನನ್ನಂಥವನೇ ನಡೆದದ್ದು ನಿಜ ಅನ್ನುತ್ತಿದ್ದೇನೆ ಅಂದಮೇಲೆ ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಎಂಬತ್ತರ ದಶಕ. ಬಟವಾಡಿ ಬಡಾವಣೆಯಲ್ಲಿ ನಾನೂ ಗೆಳೆಯ ರಫೀಕನೂ ಸೇರಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದೆವು. ಗುಬ್ಬಿಯಿಂದ ಜಯಮ್ಮ ಅನ್ನುವವರು ಒಂದು ಕೆಲಸ ತಂದರು. ಕೋಳಿಮೊಟ್ಟೆಗೆ ಕಾವು ಕೊಡುವ ಅವರ ಪೆಟ್ಟಿಗೆಯಲ್ಲಿ ಬಿಸಿ ಹೆಚ್ಚಾದರೆ ಬಲ್ಬ್ ತಾನೇ ಆರಬೇಕು, ತಣ್ಣಗಾದರೆ ಹೊತ್ತಬೇಕು. ಅದಕ್ಕೆ ನಾವೊಂದು ಮೈಕ್ರೋಪ್ರೊಸೆಸರ್ ಬೋರ್ಡ್ ಸಿದ್ಧ ಮಾಡುತ್ತಿದ್ದೆವು. ಮೊಟ್ಟೆ ಆಗಲೇ ಕೂಡಿಟ್ಟಾಗಿತ್ತು. ವಾರ ಮೀರಿದರೆ ಅವು ಮರಿಯಾಗುವುದು ಕಷ್ಟ. ನಾನು ಹೇಳಹೊರಟ ರಾತ್ರಿಯ ಮರುದಿನ ಬೆಳಿಗ್ಗೆ ಬೋರ್ಡ್ ಒಯ್ಯಲು ಅವರು ಬರುವವರಿದ್ದರು.

ಆಗ ನಮ್ಮ ಹತ್ತಿರ ಕಂಪ್ಯೂಟರ್ ಎಲ್ಲಿತ್ತು? ಪ್ರೋಗ್ರಾಮನ್ನು ಅಂಕಿ ಅಕ್ಷರಗಳಲ್ಲಿ ನೋಟ್‌ಬುಕ್ಕಿಗೆ ಬರೆದು, ಒಬ್ಬ ಓದಬೇಕು, ಇನ್ನೊಬ್ಬ ಬೋರ್ಡಿನ ಕೀ ಒತ್ತಬೇಕು. ಕರೆಂಟ್ ಹೋದರೆ ಒತ್ತಿದ್ದೆಲ್ಲ ಅಳಿಸಿಹೋಗುತ್ತಿತ್ತು. ಸರಿಯಾಗಿ ಓಡಿದ್ದನ್ನು ಚಿಪ್‌ಗೆ ಇಳಿಸಿದರೆ ಮಾತ್ರ ಉಳಿಯುತ್ತಿತ್ತು. ಪಕ್ಕದ ಹಿಟ್ಟಿನ ಮಿಲ್ಲು ಹಗಲೆಲ್ಲ ವೋಲ್ಟೇಜ್ ಎಳೆಯುತ್ತಿದ್ದರಿಂದ ನಮಗೆ ರಾತ್ರಿಯೇ ಗತಿ. ಒಳಕೋಣೆಯಲ್ಲಿ ಕೀ ಒತ್ತಲು ನಾನು. ಪರದೆಯ ಆಚೆ ಅಂಗಡಿಯಲ್ಲಿ, ಪರೀಕ್ಷೆಗೆಂದು ಇಟ್ಟ ಬಲ್ಬಿನ ಪೆಟ್ಟಿಗೆಯ ಪಕ್ಕ ಕೂತು ಓದಲು ರಫೀಕ್.

ಮೂರು ರಾತ್ರಿ ಬೋರ್ಡ್ ಓಡಿರಲಿಲ್ಲ. ನಾಲ್ಕನೆಯ ರಾತ್ರಿ ಹನ್ನೊಂದರ ಹೊತ್ತಿಗೆ ಕರೆಂಟ್ ಹೋಯಿತು. ಮೇಜಿನ ಮೇಲೆ ತಲೆಯಿಟ್ಟವನಿಗೆ ಜೊಂಪು ಹತ್ತಿರಬೇಕು... ಕಣ್ಣುಬಿಟ್ಟಾಗ ಲೈಟು ಉರಿಯುತ್ತಿತ್ತು.

"ಓದೋ ರಫೀಕ್, ಮೊದ್ಲಿಂದ," ಎಂದೆ.

ಪರದೆಯ ಆಚೆಯಿಂದ ಮೆಲ್ಲಗೆ ಶುರುವಾಯಿತು.

"ತ್ರೀ ಈ... ಝೀರೋ ಝೀರೋ..."

ಒತ್ತುತ್ತಾ ಹೋದೆ. ಸಾಲು ಮುಗಿದಾಗಲೆಲ್ಲ ರಫೀಕ್ "ಆಯ್ತೇನ್ಲಾ?" ಅನ್ನುವವನು. ಇವತ್ತು ಅದಿಲ್ಲ. ನಾನು ಒತ್ತಿ ಮುಗಿಸಿದ ಕೂಡಲೇ, ನೋಡಿಕೊಂಡಿದ್ದವರ ಹಾಗೆ, ಮುಂದಿನ ಅಂಕಿ ಬರುತ್ತಿತ್ತು... ತಂತಿ ಬೆಸೆಯುವ ಸೋಲ್ಡರ್ ಕರಗಿದ ವಾಸನೆ ಬೇರೆ. ಸೋಲ್ಡರಿಂಗ್ ಐರನ್ ನನ್ನ ಎದುರಿಗೇ ತಣ್ಣಗೆ ಬಿದ್ದಿತ್ತು. ಸಂಜೆ ಇಬ್ಬರಿಗೂ ಜಟಾಪಟಿ ಆಗಿತ್ತು, ಅದಕ್ಕೇ ರಫೀಕ್ ಮುನಿಸಿಕೊಂಡು ಅಂಕಿ ಬಿಟ್ಟು ಬೇರೆ ಮಾತಾಡುತ್ತಿಲ್ಲ ಅಂದುಕೊಂಡೆ.

ಕೊನೆಯ ಅಂಕಿ ಒತ್ತಿದೆ. ಬೀದಿಬಾಗಿಲನ್ನು ಯಾರೋ ದಡದಡ ಬಡಿದರು.

"ಬಾಗ್ಲು ತೆಗಿಯೋ ನಾಗಾ! ಎಷ್ಟೊತ್ತಿಂದ ಬಡೀತಾ ಇದೀನಿ!"

ರಫೀಕನ ದನಿ. ಹೊರಗಿನಿಂದ...

ಪರದೆ ಸರಿಸಿದೆ. ಅಂಗಡಿಯಲ್ಲಿ ಯಾರೂ ಇಲ್ಲ. ಬಾಗಿಲಿಗೆ ಒಳಗಿನಿಂದ ಚಿಲಕ. ತೆಗೆದೆ. ರಫೀಕನ ಕೈಯಲ್ಲಿ ಟೀ ಫ್ಲಾಸ್ಕ್, ಕಂಕುಳಲ್ಲಿ ನಮ್ಮ ನೋಟ್‌ಬುಕ್.

"ಹೋಟ್ಲಲ್ಲಿ ಪೆಟ್ರೋಮ್ಯಾಕ್ಸ್ ದೀಪ ಇತ್ತು, ತಪ್ಪೆಲ್ಲಿದೆ ಅಂತ ಅಲ್ಲೇ ಕೂತು ನೋಡ್ತಿದ್ದೆ. ಚಿಲ್ಕ ಯಾಕ್ ಹಾಕ್ಕೊಂಡೆ?"

"ನಾನ್ ಹಾಕಿಲ್ಲ... ಹಂಗಾದ್ರೆ ಇಷ್ಟೊತ್ತು ಓದಿದ್ದು ಯಾರು?"

"ಏನ್ ಓದಿದ್ದು?"

ಒಳಗೆ ಹೋಗಿ ಬೋರ್ಡ್ ಓಡಿಸಿದೆ. ಬಲ್ಬ್ ಹೊತ್ತಿತು. ಪೆಟ್ಟಿಗೆಯೊಳಗಿನ ಥರ್ಮಾಮೀಟರಿನಲ್ಲಿ ಪಾದರಸ ಏರಿತು... ಸರಿಯಾದ ಗೆರೆಗೆ ಬಂದಾಗ ಬಲ್ಬ್ ಆರಿತು. ತಣ್ಣಗಾದಾಗ ಮತ್ತೆ ಹೊತ್ತಿತು.

ಬೋರ್ಡಿನಲ್ಲಿದ್ದದ್ದನ್ನು ನೋಟ್‌ಬುಕ್ಕಿನ ಜೊತೆ ತಾಳೆ ನೋಡಿದೆವು. ಆ ಬೋರ್ಡಿಗೆ ವಿಳಾಸ, ಅಂದರೆ ಮೆಮೊರಿಯಲ್ಲಿ ಯಾವ ಜಾಗ ಅನ್ನುವ ನಾಲ್ಕಂಕಿ, ಕೊಡುವಾಗ ಕೊನೆಯ ಎರಡನ್ನು ಮೊದಲು ಕೊಡಬೇಕು. ಒಂದು ಕಡೆ ರಫೀಕ್ ಮರೆತು ನೆಟ್ಟಗೆ ಬರೆದುಬಿಟ್ಟಿದ್ದ. ದನಿ ಅದನ್ನು ತಿದ್ದಿ ಓದಿತ್ತು.

ರಫೀಕ್ ನನ್ನನ್ನೇ ದುರುಗುಟ್ಟಿ ನೋಡಿದ. "ನಿಂಗ್ ಗೊತ್ತಿತ್ತು ಅಲ್ವೇನೋ? ಮೂರ್ ರಾತ್ರಿ ನನ್ನ ಬೆಪ್ಪನ್ ಮಾಡಿ, ಈಗ ದೆವ್ವದ ಕತೆ ಕಟ್ತಿದೀಯ."

ನನಗೂ ಅವನ ಮೇಲೇ ಅನುಮಾನ. ಆದರೆ ಆ ಚಿಲಕ?

"ಹೋಗ್ಲಿ ಬುಡು, ಚಿಪ್‌ಗೆ ಇಳ್ಸು. ಕರೆಂಟ್ ಹೋದ್ರೆ ಮುಗೀತು," ಎಂದ.

"ಬೇಡ ಕಣೋ. ಯಾರ್ ಹೇಳಿದ್ದೋ ಏನೋ... ಜೀವ ಇರೋ ಮೊಟ್ಟೆಗೆ ಇದನ್ನ ಕೊಡಲ್ಲ. ತಪ್ಪು ಗೊತ್ತಾಯ್ತಲ್ಲ, ನಾವೇ ತಿದ್ದಿ ಒತ್ತೋಣ."

ಅವನು ತಡೆಯುವಷ್ಟರಲ್ಲಿ ಬೋರ್ಡಿನ ಸ್ವಿಚ್ ಆರಿಸಿದೆ. ಒತ್ತಿದ್ದೆಲ್ಲ ಅಳಿಸಿಹೋಯಿತು.

ಪರದೆ ಎತ್ತಿಕಟ್ಟಿ, ರಫೀಕನ ತುಟಿ ನೋಡುತ್ತಲೇ ಒತ್ತಿದೆ. ಬಲ್ಬ್ ಹೊತ್ತಿತು... ಆರಲೇ ಇಲ್ಲ. ಪಾದರಸ ಗೆರೆ ದಾಟಿ ಹೋಯಿತು. ಇನ್ನೆರಡು ಸಲ ಒತ್ತಿದರೂ ಅದೇ ಕತೆ. ನೋಟ್‌ಬುಕ್ಕಿಗೂ ದನಿ ಓದಿದ್ದಕ್ಕೂ ಎಲ್ಲೋ ಇನ್ನೊಂದು ವ್ಯತ್ಯಾಸವಿದ್ದಿರಬೇಕು. ಒಂದು ಸಿಕ್ಕ ಖುಷಿಗೆ ನಾವು ಮುಂದೆ ತಾಳೆ ನೋಡಿರಲಿಲ್ಲ.

ಬೆಳಗಿನ ಜಾವ ರಫೀಕನನ್ನು ಬೀದಿಗೆ ಕಳಿಸಿ, ಪರದೆ ಇಳಿಬಿಟ್ಟು, ನಾಚಿಕೆ ಬಿಟ್ಟು ನಾನೇ ಕರೆದೆ.

"ಓದಿ ಸ್ವಾಮಿ... ಇನ್ನೊಂದ್ಸಲ ಓದಿ..."

ಯಾರೂ ಓದಲಿಲ್ಲ.

ಜಯಮ್ಮ ಮೊದಲ ಬಸ್ಸಿಗೇ ಬಂದರು. ಎಲ್ಲ ಹೇಳಿದೆವು. ಬೈಯಲಿಲ್ಲ. ಒಂದೇ ಮಾತು ಕೇಳಿದರು.

"ರಾತ್ರಿ ಓಡ್ತು ಅಂತೀರ. ಓಡ್ತಿದ್ದಿದ್ನ ಯಾಕಪ್ಪಾ ಆರ್ಸುದ್ರಿ?"

ಅವರು ಬರಿಗೈಯಲ್ಲಿ ಗುಬ್ಬಿಗೆ ಹೊರಟರು. ಆ ಮೊಟ್ಟೆಗಳಲ್ಲಿ ಒಂದೂ ಮರಿಯಾಗಲಿಲ್ಲ ಎಂದು ಆಮೇಲೆ ತಿಳಿಯಿತು.

ಈಗಲೂ ಕೆಲವು ರಾತ್ರಿ ಎಚ್ಚರವಾಗುತ್ತದೆ. ಅದೇ ಪ್ರಶ್ನೆ, ಅಂಕಿ ಓದಿದ ಹಾಗೆ ಮೆಲ್ಲಗೆ, ಬಿಡಿಬಿಡಿಯಾಗಿ ಕೇಳಿಸುತ್ತದೆ... ಯಾಕೆ ಆರಿಸಿದೆ?

ಕೇಳುವ ದನಿ ಜಯಮ್ಮನದಲ್ಲ.