ಬೆಂಚಿನ ಕಾಲಿಗೆ ಕಟ್ಟಿದ ಮಗ್ಗ

ಮಗು ಖಾಲಿ ಪಾತ್ರೆಯಲ್ಲ, ಅದು ಮನೆಯಿಂದ ತಂದ ಅನುಭವದ ಮೇಲೆಯೇ ಹೊಸ ಕಲಿಕೆಯನ್ನು ಕಟ್ಟಬೇಕು ಎಂದು ತರಬೇತಿಯಲ್ಲಿ ಪ್ರತಿ ವರ್ಷ ಹೇಳುತ್ತಾರೆ. ನಾವು ಮೇಷ್ಟ್ರು, ಮೇಡಂಗಳು ಪ್ರತಿ ವರ್ಷ ಉಪ್ಪಿಟ್ಟು ತಿಂದು, ತಲೆಯಾಡಿಸಿ ಬರುತ್ತೇವೆ. ಆ ಸಲ ಮಾತ್ರ, ನನ್ನ ಗ್ರಹಚಾರ, ಆ ಮಾತು ತಲೆಯೊಳಗೆ ಕೂತುಬಿಟ್ಟಿತು. ಕಾರಣ ನನ್ನ ಒಂದನೇ ತರಗತಿಯ ಒಬ್ಬ ಹುಡುಗಿ.

ಮೊಳಕಾಲ್ಮೂರಿನ ನೇಕಾರರ ಮನೆಯ ಮಗು, ಮನೆಮಾತು ತೆಲುಗು. ಶಾಲೆಗೆ ಸೇರಿದಂದಿನಿಂದ ಬಾಯಿ ಬಿಟ್ಟಿರಲಿಲ್ಲ. ರಮಿಸಿದೆ, ಗದರಿದೆ, ಬಿಸ್ಕತ್ತು ಕೊಟ್ಟೆ. ಉಹೂಂ. ಸಂಜೆ ಚಳ್ಳಕೆರೆಯ ಬಸ್ಸು ಹತ್ತಿದರೂ ಅದೇ ಮುಖ ಕಣ್ಣೆದುರು. ಹೀಗೇ ಬಿಟ್ಟರೆ ಈ ಮಗು ಶಾಲೆಯಲ್ಲಿ ಕೂತು ಕೂತೇ ಮೂಕಿಯಾಗುತ್ತದೆ ಎಂದು ಭಯವಾಗುತ್ತಿತ್ತು.

ಒಂದು ದಿನ ಎರಡು ಬೆಂಚುಗಳನ್ನು ಬೋರಲು ಹಾಕಿ, ಕಾಲಿನಿಂದ ಕಾಲಿಗೆ ಬಣ್ಣದ ದಾರ ಎಳೆದು ಮಗ್ಗದಂತೆ ಕಟ್ಟಿದೆ. ಲಾಳಿಯ ಬದಲು ಒಂದು ಪೆನ್ಸಿಲ್. ಹುಡುಗಿ ತಾನೇ ಎದ್ದು ಬಂದಳು. ನನ್ನ ಕೆಲಸ ನೋಡಿ ಕಿಸಕ್ಕನೆ ನಕ್ಕಳು. ಸಡಿಲ ಎಳೆಗಳನ್ನು ಬಿಗಿ ಮಾಡುತ್ತಾ "ಒಕಟಿ, ರೆಂಡು, ಮೂಡು" ಎಂದು ಎಣಿಸತೊಡಗಿದಳು. ಪಕ್ಕದವಳು ಎಳೆ ತಪ್ಪಿಸಿದಾಗ "ಅಟ್ಲ ಕಾದೇ!", ಹಾಗಲ್ಲ ಕಣೇ, ಎಂದು ಬೈದೇಬಿಟ್ಟಳು. ನಾನು "ಒಂದು, ಎರಡು" ಎಂದೆ. ಅವಳೂ ಹಿಂದೆಯೇ ಅಂದಳು. ಅಯ್ಯೋ, ಆ ದನಿ! ನನಗೆ ಅಳುವೇ ಬಂತು.

ಅಷ್ಟರಲ್ಲಿ ಮಗಳಿಗೆ ಸ್ವೆಟರ್ ಕೊಡಲು ಬಂದ ಅವಳ ಅವ್ವ ಬಾಗಿಲಲ್ಲಿ ನಿಂತಿದ್ದಳು.

"ನೋಡ್ರಿ, ನಿಮ್ಮ ಮಗಳು ಮಾತಾಡಿದ್ಲು!" ಎಂದೆ.

ಅವಳು ಒಳಗೆ ಬಂದು ಮಗಳ ಕೈಯಿಂದ ದಾರ ಕಿತ್ತಳು. "ದಾರ ಹಿಡಿಯಾಕೆ ನಮ್ಮನೇಲಿ ಮಗ್ಗ ಇಲ್ವಾ ಮೇಡಂ? ನನ್ನ ಸೊಂಟ ಹೋತು, ನಮ್ಮ ಯಜಮಾನ್ರ ಕಣ್ಣು ಹೋತು. ಇದನ್ನ ಮುಟ್ಟಬಾರ್ದು ಅಂತಲೇ ಇಸ್ಕೂಲಿಗೆ ಕಳ್ಸಿದ್ದು. ನೀವೂ ಅದನ್ನೇ ಹಿಡಿಸ್ತೀರಲ್ಲ!"

"ಆಟ ಅಷ್ಟೇರೀ, ಹಿಂಗೇ ಮಕ್ಕಳು ಕಲಿಯೋದು..."

"ನಿಮ್ಮ ಮಕ್ಕಳಿಗೂ ಹಿಂಗೇ ಕಲಿಸ್ತಾರೇನ್ರಿ?"

ನನ್ನ ಮಗ ಚಳ್ಳಕೆರೆಯ ಇಂಗ್ಲಿಷ್ ಶಾಲೆಯಲ್ಲಿದ್ದಾನೆ. ತರಬೇತಿ ಕೊಟ್ಟವರನ್ನು ಕರೆತಂದು ಈ ತಾಯಿಯ ಮುಂದೆ ನಿಲ್ಲಿಸಬೇಕೆನಿಸಿತು. ಅವರು ಹೇಳಿದ್ದು ಸುಳ್ಳಲ್ಲ, ನನ್ನ ಕಣ್ಣಾರೆ ಕಂಡೆ. ಅವಳ ಸೊಂಟದ ನೋವೂ ಸುಳ್ಳಲ್ಲ. ನಾನೇನು ಮಾಡಲಿ, ತಲೆ ಚಚ್ಚಿಕೊಳ್ಳಲೇ?

ಹುಡುಗಿಯನ್ನು ಬಿಡಿಸಿ ಊರಿನ ಇಂಗ್ಲಿಷ್ ಮೀಡಿಯಂ ಶಾಲೆಗೆ ಹಾಕಿದರು. ಈಚೆಗೆ ಬಸ್ ಸ್ಟ್ಯಾಂಡಿನಲ್ಲಿ ಆ ತಾಯಿ ಸಿಕ್ಕಳು. ಸಿಟ್ಟೆಲ್ಲ ಇಳಿದಿತ್ತು, ಮುಖ ಅರಳಿತ್ತು. ಮಗು ಹೇಗಿದೆ ಎಂದು ಕೇಳಿದೆ.

"ಭಾಳ ಚೆನ್ನಾಗೈತೆ ಮೇಡಂ. ಕೂತಲ್ಲಿಂದ ಅಲ್ಲಾಡಲ್ವಂತೆ, ತುಟಿ ಪಿಟಕ್ ಅನ್ನಲ್ವಂತೆ. ಇವಳಷ್ಟು ಒಳ್ಳೆ ಹುಡುಗಿ ಇಡೀ ಕ್ಲಾಸಿನಾಗೆ ಇಲ್ಲ ಅಂತ ಅಲ್ಲಿ ಮಿಸ್ಸು ಹೇಳಿದ್ರು."