ಅತ್ತೆ ಓಡಿಹೋದದ್ದಕ್ಕೆ ಇಂಗ್ಲಿಷಿನಲ್ಲಿ ಏನು?

ಹಾಸನದ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವ ನನ್ನಿಂದ ನೆಂಟರಿಗಿರುವ ಉಪಯೋಗ ಒಂದೇ: ಅರ್ಜಿ ಬರೆದುಕೊಡುವುದು. ಹೊಳೆನರಸೀಪುರದ ದೊಡ್ಡಪ್ಪ ಒಂದು ಬೆಳಿಗ್ಗೆ ಫೋನ್ ಮಾಡಿ, "ನಿಮ್ಮತ್ತೆ ಓಡೋಗವ್ಳೆ ಕಣ್ಲಾ! ಬಾ, ಪೊಲೀಸ್ನೋರಿಗೆ ಇಂಗ್ಲಿಷಲ್ಲೊಂದು ಕಂಪ್ಲೇಂಟ್ ಬರ್ಕೊಡು" ಎಂದರು. ಸಿಕ್ಕಿದ ಬಸ್ಸು ಹತ್ತಿದೆ.

ಅತ್ತೆ ಎಂದರೆ ದೊಡ್ಡಪ್ಪನ ತಂಗಿ ಗೌರಮ್ಮ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆ ಸೇರಿದವಳು. ಆ ಮನೆಯ ಮಕ್ಕಳನ್ನೆಲ್ಲ ಸಾಕಿ, ಮದುವೆ ಮಾಡಿ ಕಳಿಸಿದಳು. ಈಗ ತಲೆ ನೆರೆತ ಮೇಲೆ, ಹೆಂಡತಿ ತೀರಿಕೊಂಡಿದ್ದ ಚನ್ನರಾಯಪಟ್ಟಣದ ತೆಂಗಿನಕಾಯಿ ವ್ಯಾಪಾರಿ ನಂಜುಂಡಪ್ಪನವರನ್ನು ಮದುವೆಯಾಗಲು ಹೋಗಿದ್ದಳು.

ಹಾಳೆ ಹಿಡಿದು ಕೂತೆ. ಕನ್ನಡದಲ್ಲಿ ತೊಂದರೆಯಿಲ್ಲ. ಹಸು ಹಗ್ಗ ಕಿತ್ತರೂ, ಕಳ್ಳ ತಪ್ಪಿಸಿಕೊಂಡರೂ, ಹುಡುಗಿ ಮೆಚ್ಚಿದವನ ಜೊತೆ ಹೋದರೂ ಎಲ್ಲವೂ ಓಡಿಹೋಗುವುದೇ. ಇಂಗ್ಲಿಷಿನವರು ಮಾತ್ರ ಓಡುವವರನ್ನು ತಡೆದು ನಿಲ್ಲಿಸಿ ಕಾರಣ ಕೇಳುತ್ತಾರೆ. ಹೆದರಿ ಓಡಿದರೆ ಫ್ಲೀ. ಕಾನೂನಿನ ಕೈಗೆ ಸಿಗದಂತೆ ಓಡಿದರೆ ಅಬ್‌ಸ್ಕಾಂಡ್. ಮದುವೆಗೆ ಓಡಿದರೆ ಎಲೋಪ್, ಆದರೆ ಅದು ಗುಟ್ಟಾಗಿ ನಡೆದಿರಬೇಕು. ಗುಟ್ಟಿತ್ತೇ ಎಂದು ತಿಳಿಯಲು ಅತ್ತೆಗೇ ಫೋನ್ ಮಾಡಿದೆ.

"ಓಡಕ್ಕೆ ನನ್ ಮಂಡಿ ಎಲ್ಲಪ್ಪ ಬಿಡ್ತದೆ? ತಿಂಡಿ ಮಾಡಿಕ್ಕಿ, ನಿಮ್ ದೊಡ್ಡಪ್ಪಂಗೆ ಏಳ್ಬುಟ್ಟೇ ಬಸ್ಸತ್ತಿದೆ" ಎಂದಳು.

ದೊಡ್ಡಪ್ಪನ ಮುಖ ನೋಡಿದೆ. "ಏಳಿದ್ದು ದಿಟ. ತಮಾಸೆ ಅನ್ಕಂಡೆ" ಎಂದರು.

"ಹೇಳಿ ಹೋದೋರಿಗೆ ಇಂಗ್ಲಿಷಲ್ಲಿ ಇರೋದು ಒಂದೇ ಪದ ದೊಡ್ಡಪ್ಪ, ಗೋ."

ನನ್ನ ಡಿಗ್ರಿಯ ಮೇಲೇ ಅವರಿಗೆ ಅನುಮಾನ ಬಂತು. ಅಷ್ಟರಲ್ಲಿ ದೊಡ್ಡಮ್ಮ ಅಡಿಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತರು. "ಆಳೆ ಮಡಚಿಡಪ್ಪ. ಸೀರೆ ಕೊಟ್ಟು ಕಳ್ಸಿದೋಳು ನಾನೇ. ಕಂಪ್ಲೇಂಟ್ ಬರ್ಯೋದಾದ್ರೆ ನನ್ ಎಸ್ರೂ ಸೇರ್ಸು." ದೊಡ್ಡಪ್ಪ ಆ ದಿನ ಊಟ ಮಾಡಲಿಲ್ಲ.

ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾದ ಮೇಲೆ ಒಂದು ಭಾನುವಾರ ಅತ್ತೆ, ನಂಜುಂಡಪ್ಪನವರು ಇಬ್ಬರೂ ಹೊಳೆನರಸೀಪುರಕ್ಕೆ ಬಂದರು. ನಾನೂ ಹೋಗಿದ್ದೆ. ಹಾಡುಹಗಲು, ಬಸ್ ಸ್ಟ್ಯಾಂಡಿನಿಂದ ನಡೆದೇ ಬರುತ್ತಿದ್ದರು. ಅತ್ತೆ ಮಂಡಿ ನೋವಿಗೆ ನಿಧಾನವಾಗಿ ಹೆಜ್ಜೆ ಹಾಕುತ್ತಿದ್ದಳು. ತಲೆ ತುಂಬ ಮಲ್ಲಿಗೆ. ತಂಗಿ ಹೂ ಮುಡಿದದ್ದನ್ನು ನೋಡಿ ದೊಡ್ಡಪ್ಪನಿಗೆ ಎಷ್ಟು ಕಾಲವಾಗಿತ್ತೋ, ಜಗಲಿಯ ಮೇಲೆ ಕೂತವರು ಕಣ್ಣು ಕೀಳಲಿಲ್ಲ.

ಎದುರುಮನೆಯವನು ಕೆಣಕಿದ: "ಏನ್ ಯಜಮಾನ್ರೇ, ಓಡೋದೋರು ಬಂದಂಗದೆ?"

ದೊಡ್ಡಪ್ಪ ಟವಲ್ಲು ಕೊಡವಿ ಎದ್ದರು. "ಯಾವಳ್ಲಾ ಓಡೋದೋಳು? ನನ್ ತಂಗಿ ಗಂಡನ್ನ ಕರ್ಕಂಡು ತೌರಿಗೆ ಬತ್ತಾವ್ಳೆ ಕಣ್ಲಾ!"

ಹಾಗೆಂದವರೇ ಚಪ್ಪಲಿ ಮೆಟ್ಟುವುದನ್ನೂ ಮರೆತು, ಬೀದಿಯವರೆಲ್ಲ ನೋಡುತ್ತಿದ್ದಂತೆ ಅವರನ್ನು ಎದುರುಗೊಳ್ಳಲು ಓಡಿದರು.