ಬಿಳಿ ಸಾಣೆಚಕ್ರ

ನಮ್ಮ ತೋಟಕ್ಕೆ ಬರುತ್ತಿದ್ದ ಬಡಗಿ ಸಾಣೆಚಕ್ರ ಕೊಳ್ಳುವಾಗ ಹಲಸಿನಹಣ್ಣಿನ ಹಾಗೆ ತಟ್ಟಿ ಕಿವಿಗೊಡುತ್ತಿದ್ದರು. ಬಿರುಕಿದ್ದರೆ ಸದ್ದಿನಲ್ಲೇ ತಿಳಿಯುತ್ತಿತ್ತು. ಆರಿಸುತ್ತಿದ್ದದ್ದು ಮಾತ್ರ ಬೇಗ ಸವೆಯುವ ಬಿಳಿ ಚಕ್ರ. ಯಾಕೆಂದು ಕೇಳಿದರೆ, "ಸವೆಯೋದೇ ಅದ್ರ ಕೆಲಸ ಮಾರಾಯ" ಅನ್ನುತ್ತಿದ್ದರು.

ಹೋಂಸ್ಟೇಗೆ ಬಾಗಿಲು ಮಾಡಿಸುವಾಗ ನಮ್ಮ ಚಿಕ್ಕಪ್ಪ, ಬಾಳಿಕೆ ಬರುತ್ತದೆಂದು ಗಟ್ಟಿ ಬೂದು ಚಕ್ರ ತಂದು, ಇದರಲ್ಲೇ ಉಳಿ ಮಸೆಯಬೇಕೆಂದು ಪಟ್ಟು ಹಿಡಿದರು. ಬಡಗಿ ತಿರುಗುವ ಆ ಚಕ್ರಕ್ಕೆ ಒಂದು ಉಳಿ ಒತ್ತಿದರು. ಚಕ್ರ ಸವೆಯಲಿಲ್ಲ, ಉಳಿಯೇ ಕಾದು ಅದರ ಬಾಯಿ ಸುಟ್ಟು ನೀಲಿಯಾಯಿತು.

"ಉಕ್ಕಿನ ಹದ ಹೋಯ್ತು. ಇದನ್ನ ನೀವೇ ಇಟ್ಕೊಳಿ" ಎಂದು ಚಿಕ್ಕಪ್ಪನ ಕೈಗಿಟ್ಟು, ಮಿಕ್ಕ ಉಳಿಗಳನ್ನು ಗೋಣಿಯಲ್ಲಿ ಸುತ್ತಿಕೊಂಡು ಕೊಟ್ಟಿಗೆಹಾರದ ಬಸ್ಸು ಹತ್ತಿದರು.

ಜೀಪು ಕಳಿಸಿದರೂ ಬರಲಿಲ್ಲ. ಕೊನೆಗೆ ಚಿಕ್ಕಪ್ಪನೇ ಬಿಳಿ ಚಕ್ರ ಹಿಡಿದು ಅವರ ಮನೆಗೆ ಹೋದರು. ಜೊತೆಗೆ ನಾನೂ ಇದ್ದೆ. ಬಡಗಿ ಕುರ್ಚಿ ಹಾಕಿದರು, ಕಾಫಿ ಕೊಟ್ಟರು. ಆಮೇಲೆ ಚಕ್ರ ತಟ್ಟಿ ಕಿವಿಗೊಟ್ಟರು.

"ಬಿರುಕು ಬಿಟ್ಟಿದೆ. ಬೇರೆ ತನ್ನಿ."